ಗುಳಿಗೆಯ ಆಚೆಗಿನ ಆರೈಕೆ: ಮಾನಸಿಕ ಅಸ್ವಸ್ಥತೆ ಮತ್ತು ಸ್ಥಳೀಯ ಸಭೆಯ ಹೊಣೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ಊರುಗಳಲ್ಲಿ ಸೇವೆ ಮಾಡುವ ಸಭಾಪಾಲಕರ ಮನೆಬಾಗಿಲಿಗೆ ಒಂದು ಬಿನ್ನಹ ಮತ್ತೆ ಮತ್ತೆ ಬರುತ್ತದೆ: "ಅಯ್ಯನವರೇ, ಮಗಳಿಗೆ ಮನಸ್ಸು ಸರಿಯಿಲ್ಲ, ಬಂದು ಪ್ರಾರ್ಥನೆ ಮಾಡಿ." ನಾವು ಹೋಗುತ್ತೇವೆ, ಪ್ರಾರ್ಥಿಸುತ್ತೇವೆ. ಆಮೇಲೆ ಏನು? ನಮ್ಮಲ್ಲಿ ಕೆಲವರು ಪ್ರಾರ್ಥನೆಯೇ ಸಾಕೆಂದು ಹಿಂದಿರುಗುತ್ತೇವೆ. ಇನ್ನು ಕೆಲವರು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿರೆಂದು ಹೇಳಿ, ನಮ್ಮ ಪಾಲಿನ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಮೊದಲನೆಯವರು ವೈದ್ಯವಿಜ್ಞಾನವನ್ನು ಅಲಕ್ಷಿಸುತ್ತಾರೆ. ಎರಡನೆಯವರು ಸಭೆಯನ್ನೇ ಅಲಕ್ಷಿಸುತ್ತಾರೆ. ಈ ಎರಡರ ನಡುವೆ ಇರುವ ದೀರ್ಘವಾದ ದಾರಿಯನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ರೋಗನಿರ್ಣಯ ಮತ್ತು ಔಷಧಗಳ ಆಚೆಗೆ ನೋಡಬೇಕೆನ್ನುವುದು ಅವುಗಳನ್ನು ಬಿಡಬೇಕೆಂದು ಹೇಳಿದಂತಲ್ಲ. ತೀವ್ರವಾದ ಮನೋವಿಕಾರದಲ್ಲಿ ಔಷಧವನ್ನು ಹಠಾತ್ತಾಗಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ವಿಶ್ವಾಸವಿದ್ದರೆ ಗುಳಿಗೆ ಬೇಡವೆಂದು ಬೋಧಿಸುವ ಅಧಿಕಾರ ನಮಗೆ ಯಾರಿಗೂ ಇಲ್ಲ.

ಕರ್ನಾಟಕ ಕಲಿಸಿದ ಪಾಠ

ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಗೌರವದ ಇತಿಹಾಸವಿದೆ. 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡ ಕೆಲವೇ ಕಾಲದಲ್ಲಿ ಅಲ್ಲಿನ ವೈದ್ಯರು ಆಸ್ಪತ್ರೆಯ ಗೋಡೆಗಳನ್ನು ದಾಟಿ ಸಕಲವಾರದ ಸುತ್ತಲಿನ ಹಳ್ಳಿಗಳಿಗೆ ಹೋದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ತರಬೇತಿ ಪಡೆದರೆ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಉಪಚರಿಸಬಲ್ಲರೆಂಬುದು ಅಲ್ಲಿ ತಿಳಿದುಬಂತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ದೇಶವ್ಯಾಪಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮುಂದೆ ತೀರ್ಥಹಳ್ಳಿಯಲ್ಲಿಯೂ, ಚನ್ನರಾಯಪಟ್ಟಣದ ನೆರೆಯ ತುರುವೇಕೆರೆಯಲ್ಲಿಯೂ ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಿನಲ್ಲಿ ಹುಡುಕಿ, ಮನೆಯವರ ಸಂಪರ್ಕದಲ್ಲಿದ್ದು, ಚಿಕಿತ್ಸೆ ತಪ್ಪದಂತೆ ನೋಡಿಕೊಳ್ಳುವ ಕೆಲಸ ನಡೆಯಿತು. ಔಷಧ ಸೇವಿಸಿದವರಲ್ಲಿ ದಿನನಿತ್ಯದ ಬದುಕಿನ ಅಸಾಮರ್ಥ್ಯ ಕಡಿಮೆಯಿದ್ದುದನ್ನು ತೀರ್ಥಹಳ್ಳಿಯ ಅಧ್ಯಯನ ತೋರಿಸಿತು.

ಹೀಗಿದ್ದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10ಕ್ಕೂ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದ್ದು, ಬಹುತೇಕ ಕಾಯಿಲೆಗಳಲ್ಲಿ ಶೇಕಡಾ 70ಕ್ಕಿಂತ ಹೆಚ್ಚಿನವರು ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಆಸ್ಪತ್ರೆ ಇದ್ದೂ ಜನ ಅಲ್ಲಿಗೆ ತಲುಪುವುದಿಲ್ಲ; ತಲುಪಿದವರು ಮತ್ತೆ ಹೋಗುವುದಿಲ್ಲ. ಏಕೆ?

ಚೀಟಿಯಲ್ಲಿ ಬರೆಯಲಾಗದ್ದು

ಒಂದು ಚಿತ್ರವನ್ನು ಎದುರಿಗಿಟ್ಟುಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ. ಆದರೆ ಈ ಸೀಮೆಯ ಸಭಾಪಾಲಕರು ಇದನ್ನು ಗುರುತಿಸದೆ ಇರಲಾರರು. ಅರಕಲಗೂಡಿನ ಕಡೆಯ ಹಳ್ಳಿಯಲ್ಲಿ ಮೂವತ್ತೆಂಟರ ಹೆಣ್ಣುಮಗಳು. ಒಂದು ವರ್ಷ ಆಲೂಗೆಡ್ಡೆಗೆ ಅಂಗಮಾರಿ ಬಿತ್ತು. ಮರುವರ್ಷ ಹೊಗೆಸೊಪ್ಪಿಗೆ ರಾಮನಾಥಪುರದ ಹರಾಜಿನಲ್ಲಿ ನಿರೀಕ್ಷಿಸಿದ ಬೆಲೆ ಬರಲಿಲ್ಲ. ಕೈಸಾಲ ಬೆಳೆಯಿತು, ಗಂಡ ಕುಡಿತಕ್ಕೆ ಬಿದ್ದ. ಆಕೆಗೆ ನಿದ್ದೆ ಹೋಯಿತು. ಎದೆ ಭಾರ, ಮೈಕೈ ನೋವು, ಯಾವುದರಲ್ಲಿಯೂ ಆಸಕ್ತಿಯಿಲ್ಲ. ಮನೆಯವರು ಗಾಳಿ ಸೋಕಿದೆಯೆಂದರು, ನೆರೆಯವರು ಮಂಕು ಹಿಡಿದಿದೆಯೆಂದರು. ಕೊನೆಗೆ ವೈದ್ಯರು ಪರೀಕ್ಷಿಸಿ ಖಿನ್ನತೆಯೆಂದು ನಿರ್ಣಯಿಸಿ ಗುಳಿಗೆ ಬರೆದರು.

ಆ ನಿರ್ಣಯ ಸರಿಯಾದದ್ದು. ಗುಳಿಗೆ ಕೆಲಸವನ್ನೂ ಮಾಡಿತು. ಕೆಲವು ವಾರಗಳಲ್ಲಿ ನಿದ್ದೆ ಬಂತು, ಊಟ ಸೇರಿತು. ನಾಲ್ಕನೆಯ ತಿಂಗಳು ಆಕೆ ಗುಳಿಗೆ ಬಿಟ್ಟಳು. ಹಾಸನಕ್ಕೆ ಮೂವತ್ತು ಕಿಲೋಮೀಟರಿನ ಆಸುಪಾಸಿನ ಪ್ರಯಾಣವೆಂದರೆ ಒಂದು ದಿನದ ಕೂಲಿ ನಷ್ಟ, ಜೊತೆಗೆ ಬರುವವರ ಕೂಲಿಯೂ ನಷ್ಟ. ಗುಳಿಗೆಯಿಂದ ಬಾಯಿ ಒಣಗುತ್ತದೆ, ಬೆಳಗ್ಗೆ ಏಳಲಾಗುವುದಿಲ್ಲ. ಇದನ್ನು ವೈದ್ಯರಿಗೆ ಹೇಳಬಹುದೆಂದು ಆಕೆಗೆ ಯಾರೂ ತಿಳಿಸಿರಲಿಲ್ಲ. "ಹುಚ್ಚಿನ ಗುಳಿಗೆ ನುಂಗುವವಳ ಮಗಳಿಗೆ ಗಂಡು ಯಾರು ಕೊಡುತ್ತಾರೆ" ಎಂದು ಅತ್ತೆ ಕೇಳಿದರು. ಸಾಲ ಹಾಗೆಯೇ ಇತ್ತು, ಕುಡಿತ ಹಾಗೆಯೇ ಇತ್ತು. ಆಕೆ ಮೂರು ತಿಂಗಳು ಆರಾಧನೆಗೆ ಬಾರದಿದ್ದುದನ್ನು ಸಭೆಯಲ್ಲಿ ಒಬ್ಬರೂ ವಿಚಾರಿಸಲಿಲ್ಲ.

ಇಲ್ಲಿ ವೈದ್ಯರ ತಪ್ಪೇನೂ ಇಲ್ಲ. ಸಾಲ, ಅವಮಾನ, ಒಂಟಿತನಗಳನ್ನು ಔಷಧದ ಚೀಟಿಯಲ್ಲಿ ಬರೆಯಲಾಗದು. ಕಾಯಿಲೆಯ ಹೆಸರು ಆಕೆಗೆ ಏನಾಗಿದೆಯೆಂಬುದನ್ನು ಹೇಳುತ್ತದೆ; ಆಕೆಯ ಬದುಕಿನಲ್ಲಿ ಏನೇನು ನಡೆಯಿತೆಂಬುದನ್ನಾಗಲಿ, ಆಕೆಗೆ ಯಾರಿದ್ದಾರೆಂಬುದನ್ನಾಗಲಿ ಹೇಳುವುದಿಲ್ಲ. ಆ ಎರಡು ಪ್ರಶ್ನೆಗಳು ಸಭೆಗೆ ಸೇರಿದವು.

ದುಃಖವು ಕೆಲವೊಮ್ಮೆ ಒಬ್ಬರದಾಗಿರದೆ ಇಡೀ ಊರಿನದಾಗಿರುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಸಾಕ್ಷಿಯಿದೆ. ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ದೇವಾಲಯ ಇಂದಿಗೂ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತದೆ. ಪ್ರವಾಸಿಗರಿಗೆ ಅದು ಸುಂದರ ದೃಶ್ಯ. ಅಲ್ಲಿ ದೀಕ್ಷಾಸ್ನಾನ ಹೊಂದಿದವರಿಗೆ, ಹೆತ್ತವರನ್ನು ಮಣ್ಣುಮಾಡಿದವರಿಗೆ ಅದು ಕಳೆದುಹೋದ ಊರು. ನೆಲ ಕಳೆದುಕೊಂಡವರ ಮೌನವನ್ನು ಕಾಯಿಲೆಯೆಂದು ಮಾತ್ರ ಕರೆದರೆ ಅವರು ಕಳೆದುಕೊಂಡದ್ದು ಲೆಕ್ಕಕ್ಕೇ ಬಾರದೆ ಹೋಗುತ್ತದೆ.

ಸತ್ಯವೇದದ ಬೆಳಕಿನಲ್ಲಿ

ಸಾಯಬೇಕೆಂದು ಬೇಡಿಕೊಂಡ ಎಲೀಯನಿಗೆ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ಅವನನ್ನು ಮಲಗಗೊಡಿಸಿದನು, ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಮತ್ತೆ ಮಲಗಗೊಡಿಸಿದನು. ಪ್ರಶ್ನೆ ಬಂದದ್ದು ಆಮೇಲೆ. ಅಷ್ಟಕ್ಕೇ ನಿಲ್ಲದೆ, ನಾನೊಬ್ಬನೇ ಉಳಿದಿದ್ದೇನೆಂದವನಿಗೆ ದೇವರು ಎಲೀಷನೆಂಬ ಜೊತೆಗಾರನನ್ನು ಕೊಟ್ಟನು. ದೇಹದ ಆರೈಕೆ, ಆಲಿಸುವಿಕೆ, ಜೊತೆಗಾರಿಕೆ ಎಂಬ ಈ ಕ್ರಮ ನಮಗೂ ಕ್ರಮವಾಗಬೇಕು.

ಯೋಬನ ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತರು. ಅವರು ತಪ್ಪಿದ್ದು ಬಾಯಿ ತೆರೆದ ಮೇಲೆ, ಅವನ ನೋವಿಗೆ ಅವನ ಪಾಪವೇ ಕಾರಣವೆಂದು ನಿರ್ಣಯಿಸಲು ಹೊರಟಾಗ. ತರಾತುರಿಯ ನಿರ್ಣಯ ವೈದ್ಯರ ಲೋಪ ಮಾತ್ರವಲ್ಲ. ಬೋಧಕರ ಲೋಪವೂ ಹೌದು. 88ನೆಯ ಕೀರ್ತನೆಯು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೂ ಅದು ಆರಾಧನೆಯ ಪುಸ್ತಕದಲ್ಲಿದೆ. ಸಂತೋಷದ ಸಾಕ್ಷಿಗೆ ಮಾತ್ರ ಜಾಗವಿರುವ ಸಭೆಯಲ್ಲಿ ಖಿನ್ನರಾದವರು ಎಲ್ಲಿ ಕುಳಿತುಕೊಳ್ಳಬೇಕು?

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ದೆವ್ವ ಬಿಡಿಸಿದ ಕಥೆಯಾಗಿ ಓದುತ್ತೇವೆ. ಊರಿನವರು ಆ ಮನುಷ್ಯನಿಗೆ ಮಾಡಿದ ಉಪಚಾರವೆಂದರೆ ಸರಪಳಿ. ಅವನು ಇದ್ದದ್ದು ಸಮಾಧಿಗಳ ನಡುವೆ. ಯೇಸು ಅವನ ಹೆಸರನ್ನು ಕೇಳಿದನು. ಸ್ವಸ್ಥನಾದ ಮೇಲೆ ಅವನು ಯೇಸುವಿನೊಂದಿಗೆ ಬರುತ್ತೇನೆಂದು ಬೇಡಿಕೊಂಡರೂ, ಕರ್ತನು ಅವನನ್ನು ಮನೆಗೆ, ತನ್ನ ಜನರ ಬಳಿಗೆ ಕಳುಹಿಸಿದನು. ಸ್ವಸ್ಥತೆ ಪೂರ್ಣಗೊಂಡದ್ದು ಮನೆಗೆ ಹಿಂದಿರುಗುವುದರಲ್ಲಿ. ಆದರೆ ಅವನು ಸ್ವಸ್ಥಬುದ್ಧಿಯಿಂದ ಕುಳಿತಿರುವುದನ್ನು ಕಂಡು ಊರಿನವರು ಭಯಪಟ್ಟರೆಂಬುದನ್ನೂ ಸುವಾರ್ತಿಕನು ಬರೆದಿದ್ದಾನೆ. ಆದಕಾರಣ ಆ ಭಯದಿಂದ ಬಿಡುಗಡೆಯಾಗಬೇಕಾದವರು ಊರಿನವರೂ ಹೌದು, ಸಭೆಯವರೂ ಹೌದು.

ಈ ಅರಿವು ಸಭೆಯ ಇತಿಹಾಸದಲ್ಲಿ ಹೊಸದಲ್ಲ. ಬೆಲ್ಜಿಯಮಿನ ಗೀಲ್ ಎಂಬ ಊರಿನವರು ಸಂತ ಡಿಂಪ್ನಳ ಕ್ಷೇತ್ರಕ್ಕೆ ಬಂದ ಮಾನಸಿಕ ಅಸ್ವಸ್ಥರನ್ನು ಶತಮಾನಗಳಿಂದ ತಮ್ಮ ಮನೆಗಳಲ್ಲಿಯೇ ಇರಿಸಿಕೊಂಡು ಬಂದಿದ್ದಾರೆ. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವು 1950ರ ದಶಕದಿಂದಲೇ ಮನೆಯವರನ್ನು ರೋಗಿಯ ಜೊತೆಗಿರಿಸಿ ಚಿಕಿತ್ಸೆಯಲ್ಲಿ ಪಾಲುಗಾರರನ್ನಾಗಿಸಿತು. ಸ್ವತಃ ತೀವ್ರ ಮಾನಸಿಕ ಅಸ್ವಸ್ಥತೆಯಿಂದ ಆಸ್ಪತ್ರೆ ಸೇರಿದ್ದ ಅಮೆರಿಕದ ಬೋಧಕ ಆಂಟನ್ ಬಾಯ್ಸನ್ 1925ರಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಆಸ್ಪತ್ರೆಯ ವಾರ್ಡುಗಳಿಗೆ ಕರೆತಂದರು. ಪುಸ್ತಕಗಳಂತೆಯೇ ನೊಂದ ಮನುಷ್ಯರನ್ನೂ ಶ್ರದ್ಧೆಯಿಂದ ಓದಬೇಕೆಂಬುದು ಅವರ ಬೋಧನೆ.

ಸಭೆಯು ಮಾಡಬಹುದಾದದ್ದು

ಮೊದಲನೆಯದು, ವಿಚಾರಿಸುವುದು. ಎರಡು ವಾರ ಬಾರದವರ ಮನೆಗೆ ಮೂರನೆಯ ವಾರ ಒಬ್ಬರಾದರೂ ಹೋಗುವ ಏರ್ಪಾಡು ಪ್ರತಿಯೊಂದು ಸಭೆಯಲ್ಲಿಯೂ ಇರಬೇಕು. ಜಿಂಬಾಬ್ವೆಯಲ್ಲಿ ತರಬೇತಿ ಪಡೆದ ಅಜ್ಜಿಯರು ಆರೋಗ್ಯ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕುಳಿತು ನೊಂದವರೊಡನೆ ಮಾತನಾಡುತ್ತಾರೆ. ಗೋವೆಯಲ್ಲಿ ವೈದ್ಯರಲ್ಲದ ಆಪ್ತಸಮಾಲೋಚಕರು ಖಿನ್ನತೆಗೆ ಪರಿಣಾಮಕಾರಿಯಾಗಿ ನೆರವಾದರು. ಎರಡೂ ವೈದ್ಯಕೀಯ ಅಧ್ಯಯನಗಳಲ್ಲಿ ಪರೀಕ್ಷಿಸಲ್ಪಟ್ಟ ಕ್ರಮಗಳೇ. ನಮ್ಮ ಸ್ತ್ರೀಯರ ಸಂಘಗಳಲ್ಲಿ ಅಂಥ ಅಜ್ಜಿಯರಿಗೆ ಕೊರತೆಯಿಲ್ಲ, ಕೊರತೆಯಿರುವುದು ತರಬೇತಿಗೆ.

ಎರಡನೆಯದು, ಜೊತೆಗೆ ಹೋಗುವುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಮಂಗಳವಾರದಂದು ಮಾನಸಿಕ ಆರೋಗ್ಯ ಚಿಕಿತ್ಸೆಯ ಏರ್ಪಾಡಾಗಿದೆ. ನಮ್ಮ ತಾಲ್ಲೂಕಿನಲ್ಲಿ ಅದು ಹೇಗೆ ನಡೆಯುತ್ತಿದೆಯೆಂದು ಸಭಾಪಾಲಕರು ಸ್ವತಃ ಹೋಗಿ ನೋಡಿ ತಿಳಿದಿರಬೇಕು. ಬಸ್ಸಿನ ಖರ್ಚು, ಜೊತೆಗೊಬ್ಬರು, ಮಕ್ಕಳನ್ನು ನೋಡಿಕೊಳ್ಳಲು ಇನ್ನೊಬ್ಬರು: ಇವು ಸಣ್ಣ ಸಂಗತಿಗಳಾದರೂ ಚಿಕಿತ್ಸೆ ಮುಂದುವರಿಯುವುದು ಇವುಗಳಿಂದಲೇ. ಗುಳಿಗೆಯಿಂದ ತೊಂದರೆಯಾದರೆ ಬಿಡಬೇಡಿ, ವೈದ್ಯರಿಗೆ ಹೇಳಿ ಎಂಬ ಮಾತನ್ನು ಪಾಳಕಟ್ಟೆಯಿಂದಲೇ ಹೇಳಲು ಏನಡ್ಡಿ?

ಮೂರನೆಯದು, ಕೆಲಸ ಮತ್ತು ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ. ಪ್ರಮಾಣಪತ್ರಕ್ಕೂ ಮಾಸಾಶನಕ್ಕೂ ಅರ್ಜಿ ಬರೆದುಕೊಡುವುದು ಪಾಲನಾ ಸೇವೆಯೇ. ಚೇತರಿಸಿಕೊಳ್ಳುತ್ತಿರುವವರಿಗೆ ಸಭೆಯಲ್ಲಿ ಮಾಡಲು ಒಂದು ನಿಜವಾದ ಕೆಲಸವನ್ನು ಒಪ್ಪಿಸಬೇಕು. ಕರುಣೆಗಾಗಿಯಲ್ಲ, ಅವರು ಕ್ರಿಸ್ತನ ದೇಹದ ಅಂಗವಾಗಿರುವ ಕಾರಣ.

ನಾಲ್ಕನೆಯದು, ಸಾವಿನ ಮಾತು ಬಂದಾಗ ಹಿಂಜರಿಯದಿರುವುದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೃಷಿಕರ ಮನೆಯಲ್ಲಿ ಕೀಟನಾಶಕದ ಡಬ್ಬವನ್ನು ಕೈಗೆ ಸಿಗದಂತೆ ಇಡುವುದು, ಅವರನ್ನು ಒಂಟಿಯಾಗಿ ಬಿಡದಿರುವುದು, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯುವುದು ಜೀವ ಉಳಿಸುವ ಕೆಲಸಗಳು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತನಾಡಬಹುದು. ಈ ಸಂಖ್ಯೆ ದೇವಾಲಯದ ಫಲಕದ ಮೇಲಿರಲಿ.

ಒಂದು ಎಚ್ಚರಿಕೆ

2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ಧಾರ್ಮಿಕ ಕ್ಷೇತ್ರದ ಆಸರೆಯಲ್ಲಿ ನಡೆಯುತ್ತಿದ್ದ ಒಂದು ಆಶ್ರಯಗೃಹಕ್ಕೆ ಬೆಂಕಿ ಬಿದ್ದಾಗ, ಸರಪಳಿಯಿಂದ ಕಟ್ಟಲ್ಪಟ್ಟಿದ್ದ 28 ಮಂದಿ ಮಾನಸಿಕ ಅಸ್ವಸ್ಥರು ಓಡಲಾರದೆ ಸತ್ತರು. ಅದು ಬೇರೆ ಧರ್ಮದವರ ಕ್ಷೇತ್ರವಾಗಿತ್ತೆಂದು ನಾವು ಸಮಾಧಾನಪಡುವಂತಿಲ್ಲ. ಬಿಡುಗಡೆಯ ಹೆಸರಿನಲ್ಲಿ ಕಟ್ಟುವುದು, ಹೊಡೆಯುವುದು, ಬಲವಂತವಾಗಿ ಉಪವಾಸ ಮಾಡಿಸುವುದು ಯಾವ ಪ್ರಾರ್ಥನಾಗೃಹದಲ್ಲಿ ನಡೆದರೂ ಅದು ಕ್ರೌರ್ಯವೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರಪಳಿ ಹಾಕುವುದನ್ನು ನಿಷೇಧಿಸಿದೆ. ಸಮುದಾಯದಲ್ಲಿ ಬದುಕುವ ಹಕ್ಕನ್ನು ಮಾನ್ಯಮಾಡಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಅಂಥವರಿಗಾಗಿ ನಾವು ಪ್ರಾರ್ಥಿಸುವಾಗಲೂ ಅವರ ಒಪ್ಪಿಗೆ ಕೇಳಬೇಕು, ಅವರ ಮಾತನ್ನು ಗುಟ್ಟಾಗಿಡಬೇಕು. ಪ್ರಾರ್ಥನಾ ವಿಜ್ಞಾಪನೆಯ ಹೆಸರಿನಲ್ಲಿ ಒಬ್ಬರ ಕಾಯಿಲೆಯನ್ನು ಇಡೀ ಸಭೆಗೆ ಸಾರುವುದು ನಮ್ಮಲ್ಲಿ ಸಾಮಾನ್ಯವಾಗಿರುವ ಲೋಪ.

ಅರಕಲಗೂಡಿನ ಕಡೆಯ ಆ ಹೆಣ್ಣುಮಗಳ ಚಿತ್ರಕ್ಕೆ ಹಿಂದಿರುಗೋಣ. ಆಕೆಯ ಸಾಲವನ್ನು ಸಭೆ ತೀರಿಸಲಾರದು. ಆದರೆ ಆಕೆಯ ಗಂಡನನ್ನು ಕುಡಿತ ಬಿಡಿಸುವ ಚಿಕಿತ್ಸೆಗೆ ಒಯ್ಯಬಲ್ಲದು, ಅತ್ತೆಯೊಡನೆ ಕುಳಿತು ಮಾತನಾಡಬಲ್ಲದು, ಮಂಗಳವಾರದ ಬೆಳಗ್ಗೆ ಆಕೆಯೊಡನೆ ಬಸ್ಸು ಹತ್ತಬಲ್ಲದು. ಮುಂದಿನ ಭಾನುವಾರ ಆಕೆ ಬಾರದಿದ್ದರೆ ಅದನ್ನು ಗಮನಿಸಬಲ್ಲದು. ದೈವಶಾಸ್ತ್ರವನ್ನು ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಗಳು ತಮ್ಮ ಮೊದಲ ಸಭೆಗೆ ಹೋದಾಗ, ಸದಸ್ಯರ ಪಟ್ಟಿಯನ್ನು ತೆರೆದು, ಇವರಲ್ಲಿ ಬಹಳ ದಿನದಿಂದ ಕಾಣದವರು ಯಾರೆಂದು ಹಿರಿಯರನ್ನು ಕೇಳಲಿ. ಅಲ್ಲಿಂದ ಆರಂಭಿಸಲಿ.