ಬಿಸಿಲು ಬಡಿದ ಕಾರು

ಗುಜರಾತಿನ ಕೊಯಾಲಿಯ ತರಕಾರಿ ಅಂಗಡಿ ಮುಂದೆ ಕಾರು ನಿಲ್ಲಿಸಿ ಹತ್ತು ನಿಮಿಷ ಆಗಿರಬಹುದು. ಬದನೆಕಾಯಿ, ಹಸಿಮೆಣಸಿನಕಾಯಿ ಹಿಡಿದು ಬಂದು ಕೀಲಿ ತಿರುಗಿಸಿದರೆ ಗಾಡಿ ಉಸಿರೇ ಎತ್ತಲಿಲ್ಲ. ಕೆಂಪು ದೀಪಗಳು ಉರಿದವು, ಹಾರ್ನ್ ಜೋರಾಗಿಯೇ ಕೂಗಿತು, ಸೆಲ್ಫ್ ಮಾತ್ರ ಮಿಸುಕಲಿಲ್ಲ. ಅಂಗಡಿಯವನೇ ‘ಧಕ್ಕೋ ಮಾರೋ’ (ತಳ್ಳಿ) ಎಂದು ಇನ್ನಿಬ್ಬರನ್ನು ಕರೆದ. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಹಿಡಿಯಿತು. ಮರುದಿನ ಬೆಳಿಗ್ಗೆ ಆರಕ್ಕೆ ಅದೇ ಗಾಡಿ ಕೀಲಿ ಮುಟ್ಟಿದೊಡನೆ ಸ್ಟಾರ್ಟ್ ಆಯಿತು. ದಾವಣಗೆರೆಯಿಂದ ಬಂದು ನಮ್ಮಲ್ಲಿದ್ದ ಅಮ್ಮ, “ಗಾಡಿಗೂ ಬಿಸಿಲು ಬಡಿದಿರಬೇಕು ಕಣಪ್ಪ” ಎಂದರು. ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧ ಹುಡುಕಲು ಎರಡು ತಿಂಗಳು ಹಿಡಿಯಿತು.

ಕಾರು 1998ರದು, ಕಾರ್ಬ್ಯುರೇಟರ್ ಇರುವ ಸಣ್ಣ ಪೆಟ್ರೋಲ್ ಗಾಡಿ. ಯಾವಾಗಲೂ ಕೆಟ್ಟೇ ಇರುವ ಗಾಡಿಯನ್ನು ರಿಪೇರಿ ಮಾಡುವುದು ಸುಲಭ. ಆಗಾಗ ಕೈ ಕೊಡುವ ಗಾಡಿ ಗ್ಯಾರೇಜಿಗೆ ಹೋದೊಡನೆ ಒಳ್ಳೆಯದಾಗಿಬಿಡುತ್ತದೆ. ಮೆಕ್ಯಾನಿಕ್ ನಾಲ್ಕು ಸಲ ಸ್ಟಾರ್ಟ್ ಮಾಡಿ ನೋಡುತ್ತಾನೆ, ನಾಲ್ಕು ಸಲವೂ ಆಗುತ್ತದೆ. ಆಮೇಲೆ ಉಳಿಯುವುದು ಊಹೆ. ನಮ್ಮದರಲ್ಲಿ ಮೊದಲು ಬ್ಯಾಟರಿ ಬದಲಾಯಿತು, ನಂತರ ಸೆಲ್ಫ್ ಬಿಚ್ಚಿ ಒಳಗಿನ ಕಾರ್ಬನ್ ಬ್ರಷ್‌ಗಳನ್ನು ಹೊಸದು ಹಾಕಿದ್ದಾಯಿತು. ಮತ್ತೊಂದು ಮಧ್ಯಾಹ್ನ ಮತ್ತೆ ಧಕ್ಕೋ.

ಕೊಯಾಲಿಯಲ್ಲಿ ಗಾಡಿ ನಿಂತರೆ ಅನುಮಾನ ಮೊದಲು ಪೆಟ್ರೋಲಿನ ಮೇಲೆ ಹೋಗುವುದು ಸಹಜ. ಊರಿನ ಹೆಸರು ದೇಶಕ್ಕೆ ಗೊತ್ತಾಗಿದ್ದೇ ಇಂಡಿಯನ್ ಆಯಿಲ್‌ನ ಗುಜರಾತ್ ರಿಫೈನರಿಯಿಂದ. ಅಂಕಲೇಶ್ವರದ ಕಚ್ಚಾತೈಲ ಸಿಕ್ಕ ಮೇಲೆ ಸೋವಿಯತ್ ನೆರವಿನಿಂದ ಕಟ್ಟಿದ ಈ ಕಾರ್ಖಾನೆ 1965ರಲ್ಲಿ ಕೆಲಸ ಶುರುಮಾಡಿತು. ರಿಫೈನರಿಯ ಗೆಳೆಯರೊಬ್ಬರು ಲಕ್ಷಣ ಕೇಳಿದವರೇ “ವೇಪರ್ ಲಾಕ್” ಎಂದರು. ಅನುಮಾನ ತಳ್ಳಿಹಾಕುವಂಥದ್ದಲ್ಲ. ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಹಗುರವಾದವು 35–40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯತೊಡಗುತ್ತವೆ. ಓಡುತ್ತಿರುವ ಎಂಜಿನ್ನಿಗೆ ಗಾಳಿ ಬಡಿಯುತ್ತದೆ, ನೀರು ಸುತ್ತುತ್ತದೆ. ನಿಲ್ಲಿಸಿದೊಡನೆ ಎರಡೂ ನಿಲ್ಲುತ್ತವೆ. ಎಂಜಿನ್ ಲೋಹದಲ್ಲಿ ತುಂಬಿದ್ದ ಶಾಖ ಬಾನೆಟ್ ಒಳಗೆ ಹರಡಿ, ಮುಂದಿನ ಹತ್ತಿಪ್ಪತ್ತು ನಿಮಿಷ ಅಲ್ಲಿನ ಬಿಸಿ ಇಳಿಯುವ ಬದಲು ಏರುತ್ತದೆ. ಆಗ ಪೈಪಿನಲ್ಲಿರುವ ಪೆಟ್ರೋಲ್ ಆವಿಯಾದರೆ, ದ್ರವ ಎಳೆಯಲು ಮಾಡಿದ ಪಂಪಿಗೆ ಆವಿ ಎಳೆಯಲಾಗುವುದಿಲ್ಲ. ಇದಕ್ಕೆಂದೇ ನಮ್ಮ ಪೆಟ್ರೋಲ್ ಮಾನದಂಡ ಐಎಸ್ 2796ರಲ್ಲಿ ‘ವೇಪರ್ ಲಾಕ್ ಇಂಡೆಕ್ಸ್’ ಎಂಬ ಮಿತಿ ಇದೆ: ಬೇಸಿಗೆಗೆ 750, ಉಳಿದ ಕಾಲಕ್ಕೆ 950. ಬೇಸಿಗೆಯ ಪೆಟ್ರೋಲನ್ನು ಬೇಗ ಆವಿಯಾಗದಂತೆಯೇ ತಯಾರಿಸುತ್ತಾರೆ. ಬಂಕಿನಲ್ಲಿ ನಿಂತವರಿಗೆ ಈ ಎಚ್ಚರಿಕೆ ಕಾಣುವುದೇ ಇಲ್ಲ, ನನಗಂತೂ ಇದು ತಿಳಿದಾಗ ಬಹಳ ಸಂತೋಷವಾಗಿತ್ತು.

ಆದರೂ ನಮ್ಮ ಗಾಡಿಯ ವಿಷಯದಲ್ಲಿ ಪೆಟ್ರೋಲ್ ನಿರಪರಾಧಿ. ಸೆಲ್ಫ್ ಚೆನ್ನಾಗಿ ತಿರುಗಿ ಎಂಜಿನ್ ಹಿಡಿಯದಿದ್ದರೆ ಪೆಟ್ರೋಲನ್ನೋ ಕಿಡಿಯನ್ನೋ ಹುಡುಕಬೇಕು. ಸೆಲ್ಫೇ ತಿರುಗದಿದ್ದರೆ ಅವೆರಡರ ಸರದಿ ಇನ್ನೂ ಬಂದೇ ಇಲ್ಲ. ತಳ್ಳಿದಾಗ ಥಟ್ಟನೆ ಹಿಡಿದಿದ್ದೂ ಅದನ್ನೇ ಹೇಳುತ್ತಿತ್ತು: ಪೆಟ್ರೋಲ್ ಬರುತ್ತಿದೆ, ಕಿಡಿ ಹಾರುತ್ತಿದೆ, ತೊಂದರೆ ಸೆಲ್ಫ್ ದಾರಿಯಲ್ಲಿದೆ. ಬ್ಯಾಟರಿ ಬದಲಿಸುವ ಮೊದಲು ಇಷ್ಟು ಯೋಚಿಸಿದ್ದರೆ ಸಾಕಿತ್ತು.

ಸೆಲ್ಫ್ ಮೇಲೆ ಕೂತಿರುವ ಸಣ್ಣ ಉರುಳೆಗೆ ಸೊಲೆನಾಯ್ಡ್ ಎನ್ನುತ್ತಾರೆ. ಅದೊಂದು ವಿದ್ಯುತ್ಕಾಂತ. ಕೀಲಿ ತಿರುಗಿಸಿದಾಗ ಅದರ ತಾಮ್ರದ ಸುರುಳಿಗೆ ಕರೆಂಟ್ ಹರಿದು ಒಳಗಿನ ಕಬ್ಬಿಣದ ಗೂಟವನ್ನು ಎಳೆಯುತ್ತದೆ. ಗೂಟ ಒಂದೆಡೆ ಹಲ್ಲಿನ ಚಕ್ರವನ್ನು ಎಂಜಿನ್ನಿಗೆ ಸಿಕ್ಕಿಸಿ, ಇನ್ನೊಂದೆಡೆ ದಪ್ಪ ತಾಮ್ರದ ತುಂಡುಗಳನ್ನು ಕೂಡಿಸುತ್ತದೆ. ಸಣ್ಣ ಕಾರಿನಲ್ಲೂ ನೂರು ಆಂಪಿಯರ್ ದಾಟುವ ಕರೆಂಟ್ ಮೋಟರಿಗೆ ನುಗ್ಗುವುದು ಅಲ್ಲಿಂದ. ಗೂಟವೇ ಪೂರ್ತಿ ಸರಿಯದಿದ್ದರೆ ಬ್ಯಾಟರಿ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ತಾಮ್ರ ಬಿಸಿಯಾದಷ್ಟೂ ಕರೆಂಟಿಗೆ ಹೆಚ್ಚು ಅಡ್ಡಿ ಮಾಡುತ್ತದೆ, ಡಿಗ್ರಿಗೆ ಶೇ 0.4ರಷ್ಟು. ಬೆಳಗಿನ ಸೊಲೆನಾಯ್ಡಿಗಿಂತ ಮಧ್ಯಾಹ್ನದ್ದು 50 ಡಿಗ್ರಿ ಹೆಚ್ಚು ಕಾದಿದ್ದರೆ ರೋಧ ಶೇ 20 ಏರಿರುತ್ತದೆ. ಅಮ್ಮ ಹೇಳಿದ ಬಿಸಿಲು ಇದೇ. ಆದರೆ ಹಾಗೆಂದರೆ ಗುಜರಾತಿನ ಎಲ್ಲ ಕಾರುಗಳೂ ಮೇ ತಿಂಗಳಲ್ಲಿ ಬೀದಿಯಲ್ಲಿ ನಿಲ್ಲಬೇಕಿತ್ತು!

ಇನ್ನೊಂದು ಕಾರಣ ಬೇಕಿತ್ತು. ಅದನ್ನು ತೋರಿಸಿದ್ದು ಮಲ್ಟಿಮೀಟರ್. ಗಾಡಿ ಕಾದಿದ್ದಾಗ ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮೀಟರಿನ ಒಂದು ತುದಿಯನ್ನು ಸೊಲೆನಾಯ್ಡಿನ ತೆಳು ತಂತಿ ಸೇರುವ ಜಾಗಕ್ಕೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿದೆ. ಮಗಳು ಒಳಗೆ ಕೂತು ಕೀಲಿ ತಿರುಗಿಸಿದಳು. ಬ್ಯಾಟರಿಯಲ್ಲಿ 12.4 ವೋಲ್ಟ್, ಇಲ್ಲಿ 10.8. ಒಂದೂವರೆ ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತಿತ್ತು. ಆ ದಾರಿಯಲ್ಲಿ ಇರುವುದು ಕೀಲಿಯ ಹಿಂದಿನ ಸ್ವಿಚ್. ದಿನಕ್ಕೆ ನಾಲ್ಕು ಸಲ ಎಂದರೂ 27 ವರ್ಷಕ್ಕೆ ಅದನ್ನು 39 ಸಾವಿರ ಸಲ ತಿರುಗಿಸಿದ್ದೇವೆ. ಪ್ರತಿ ಸಲವೂ ಅದರ ಒಳಗೆ ಒಂದು ಸಣ್ಣ ಕಿಡಿ ಹಾರಿ, ಕೂಡುವ ಲೋಹವನ್ನು ಸ್ವಲ್ಪ ಸುಡುತ್ತದೆ.

ಲೆಕ್ಕ ಹಾಕಿ ನೋಡೋಣ. ಸೊಲೆನಾಯ್ಡ್ ಸುರುಳಿಯ ರೋಧ ತಣ್ಣಗಿರುವಾಗ 0.35 ಓಮ್, ಕಾದಾಗ 0.42 ಎಂದುಕೊಳ್ಳಿ. ಸವೆದ ಸ್ವಿಚ್ಚಿನ ರೋಧ 0.06. ವಿದ್ಯುತ್ಕಾಂತದ ಎಳೆತ ಸರಿಸುಮಾರು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಾಡಿ ತಣ್ಣಗಿದ್ದು ಸ್ವಿಚ್ ಹೊಸದಾಗಿದ್ದಾಗಿನ ಎಳೆತವನ್ನು 100 ಎಂದಿಟ್ಟುಕೊಂಡರೆ, ಬರೀ ಬಿಸಿಯಿಂದ ಅದು 69ಕ್ಕೆ ಇಳಿಯುತ್ತದೆ. ಬರೀ ಸವೆದ ಸ್ವಿಚ್ಚಿನಿಂದ 73. ಎರಡೂ ಕೂಡಿದರೆ 53. ಗೂಟ ಸರಿಸಲು 60 ಬೇಕೆಂದರೆ ಒಂದೊಂದನ್ನೇ ಗಾಡಿ ತಾಳಿಕೊಳ್ಳುತ್ತದೆ, ಎರಡೂ ಒಟ್ಟಿಗೆ ಬಂದಾಗ ಮಾತ್ರ ಸೋಲುತ್ತದೆ. ನವೆಂಬರಿನಲ್ಲಿ ಒಂದು ದಿನವೂ ಕೈ ಕೊಡದ್ದಕ್ಕೆ, ಅಂಗಡಿ ಮುಂದೆ ಅರ್ಧ ತಾಸು ಹೆಚ್ಚು ನಿಂತರೆ ತಾನಾಗಿ ಸರಿಹೋಗುತ್ತಿದ್ದುದಕ್ಕೆ ಉತ್ತರ ಇಲ್ಲಿತ್ತು.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಮರುದಿನ ಬೆಳಿಗ್ಗೆ ಮಾಡಿದ ಅಳತೆ. ಗಾಡಿ ಸಲೀಸಾಗಿ ಸ್ಟಾರ್ಟ್ ಆಯಿತು, ಆದರೆ ಮೀಟರು ಆಗಲೂ ಬರೀ 10.6 ವೋಲ್ಟ್ ತೋರಿಸಿತು. ಅಂದರೆ ದೋಷ ದಿನವಿಡೀ ಅಲ್ಲೇ ಕೂತಿತ್ತು, ಬಂದುಹೋಗುತ್ತಿದ್ದುದು ಅದರ ಲಕ್ಷಣ. ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂದಷ್ಟೇ ನೋಡುವ ಗ್ಯಾರೇಜಿಗೆ ಇದು ಎಂದೂ ಸಿಗುತ್ತಿರಲಿಲ್ಲ. ಅಳೆದಿದ್ದರೆ ಮೊದಲ ದಿನವೇ, ತಣ್ಣನೆ ಗಾಡಿಯಲ್ಲೇ ಸಿಗುತ್ತಿತ್ತು.

ಎಲ್ಲರ ಗಾಡಿಯಲ್ಲೂ ಸ್ವಿಚ್ಚೇ ತಪ್ಪಿತಸ್ಥ ಎಂದು ಹೇಳಲಾರೆ. ಬ್ಯಾಟರಿಯ ಕಂಬದ ಮೇಲೆ ಬೆಳೆದ ಬಿಳಿ ಹುಡಿ, ಎಂಜಿನ್ನಿಗೆ ಬಿಗಿದ ಅರ್ತಿಂಗ್ ಕೇಬಲ್ಲಿನ ಕೆಳಗಿನ ತುಕ್ಕು ಇವೂ ಹೀಗೆಯೇ ಆಡುತ್ತವೆ. ಹೆಡ್‌ಲೈಟ್ ಪ್ರಕಾಶವಾಗಿ ಉರಿಯುತ್ತದೆಂದು ಅವುಗಳನ್ನು ಬಿಟ್ಟುಬಿಡಬಾರದು. ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿಯಿದ್ದರೆ ದೀಪದ 10 ಆಂಪಿಯರಿಗೆ ನಷ್ಟ 0.1 ವೋಲ್ಟ್, ಕಣ್ಣಿಗೆ ಗೊತ್ತೇ ಆಗದು. ಸೆಲ್ಫ್ ಎಳೆಯುವ 150 ಆಂಪಿಯರಿಗೆ ಅದೇ ಅಡ್ಡಿ 1.5 ವೋಲ್ಟ್ ತಿನ್ನುತ್ತದೆ. ಸೆಲ್ಫ್ ತಿರುಗುವಾಗ ಬ್ಯಾಟರಿಯ ಮೈನಸ್ ಕಂಬಕ್ಕೂ ಎಂಜಿನ್ನಿನ ಮೈಗೂ ನಡುವೆ 0.3 ವೋಲ್ಟಿಗಿಂತ ಹೆಚ್ಚು ಕಂಡರೆ ಆ ಬೋಲ್ಟು ಬಿಚ್ಚಿ ಉಜ್ಜಲೇಬೇಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಅದರ ಹತ್ತಿರ ಬೆಂಕಿಕಡ್ಡಿ ಗೀರುವುದು ಬೇಡ.

ಹಳೆಯ ಸ್ವಿಚ್ಚಿನ ಹೊರೆ ತಗ್ಗಿಸಲು ನಾವು ಒಂದು ರಿಲೇ ಹಾಕಿಸಿದೆವು. ಈಗ ಕೀಲಿಯ ಮೂಲಕ ಹೋಗುವುದು ರಿಲೇಯನ್ನು ಎಬ್ಬಿಸುವಷ್ಟೇ ಕರೆಂಟ್, ಕಾಲು ಆಂಪಿಯರಿನ ಆಸುಪಾಸು. ಸೊಲೆನಾಯ್ಡಿನ ಪಾಲು ಬ್ಯಾಟರಿಯಿಂದ ನೇರವಾಗಿ, ದಪ್ಪ ತಂತಿಯಲ್ಲಿ ಬರುತ್ತದೆ. ಅಂದು ಮಧ್ಯಾಹ್ನ ಗಾಡಿ ಕಾಯಿಸಿ ಮತ್ತೆ ಅಳೆದಾಗ ಸೊಲೆನಾಯ್ಡಿನ ಬಳಿ 12.1 ವೋಲ್ಟ್ ಇತ್ತು. ಅಮ್ಮ ಅಷ್ಟರಲ್ಲಿ ಊರಿಗೆ ಮರಳಿದ್ದರು. ಫೋನಿನಲ್ಲಿ ಈ ಲೆಕ್ಕವನ್ನೆಲ್ಲ ವಿವರಿಸಿದೆ. “ಬಿಸಿಲು ಅಂತ ನಾನು ಅವತ್ತೇ ಹೇಳಿದ್ದೆನಲ್ಲ” ಎಂದರು.