ದ್ರಾಕ್ಷಿಯ ಪರದೇಶ ಪ್ರಯಾಣ: ಬಂದರಿನ ಕಟ್ಟಳೆಗೆ ತೋಟದಲ್ಲಿಯೇ ಸಿದ್ಧತೆ

ಸೊಲ್ಲಾಪುರ, ಪಂಢರಪುರ, ಜತ್ತ, ತಾಸಗಾಂವ ಭಾಗದ ದ್ರಾಕ್ಷಿ ಹಡಗನ್ನೇರಿ ಯುರೋಪಿಗೆ ಹೋಗುವುದು ನಮ್ಮ ರೈತ ಬಾಂಧವರಿಗೆ ಈಗ ಹೊಸ ಸಂಗತಿಯಲ್ಲ. ಆದರೆ ಬೆಳೆಯುವುದಷ್ಟೇ ನಮ್ಮ ಕೆಲಸ, ರಫ್ತಿನ ಕಾಗದಪತ್ರವೆಲ್ಲ ವ್ಯಾಪಾರಿಯ ಕೆಲಸ ಎಂದು ತಿಳಿದವರು ಇನ್ನೂ ಬಹಳ ಮಂದಿ ಇದ್ದಾರೆ. ಈ ತಿಳುವಳಿಕೆ ಸರಿಯಲ್ಲ. ಹಣ್ಣು ದೂರದ ಬಂದರಿನಲ್ಲಿ ದಾಟುವುದೋ, ತಡೆಯಲ್ಪಡುವುದೋ ಎಂಬುದು ಬಹುಮಟ್ಟಿಗೆ ತೋಟದಲ್ಲಿಯೇ ನಿಶ್ಚಯವಾಗಿಬಿಟ್ಟಿರುತ್ತದೆ. ಅದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಈ ಕಟ್ಟಳೆಗಳು ಏಕೆ ಹುಟ್ಟಿದವೆಂಬುದನ್ನು ನೋಡೋಣ. 1860ರ ದಶಕದಲ್ಲಿ ಅಮೆರಿಕೆಯಿಂದ ತಂದ ಬಳ್ಳಿಗಳ ಜೊತೆಗೆ ಫಿಲಾಕ್ಸೆರಾ ಎಂಬ ಸಣ್ಣ ಹೇನು ಫ್ರಾನ್ಸ್ ದೇಶವನ್ನು ಸೇರಿತು. ಅದು ಬೇರನ್ನು ಹಿಡಿದು ಅಲ್ಲಿಯ ದ್ರಾಕ್ಷಿ ತೋಟಗಳನ್ನು ಹಾಳುಗೆಡವಿತು. ಈ ಪೆಟ್ಟಿನಿಂದ ಎಚ್ಚತ್ತ ದೇಶಗಳು 1881ರಲ್ಲಿ ಬರ್ನ್ ನಗರದಲ್ಲಿ ಒಪ್ಪಂದ ಮಾಡಿಕೊಂಡವು. ಆಮೇಲೆ 1951ರಲ್ಲಿ ರೋಮ್ ನಗರದಲ್ಲಿ ಎಲ್ಲ ಬಗೆಯ ಸಸ್ಯಗಳ ರಕ್ಷಣೆಗಾಗಿ ದೊಡ್ಡ ಒಪ್ಪಂದವಾಯಿತು. ಇಂದು ಹಣ್ಣಿನ ಜೊತೆಗೆ ಹೋಗುವ ಸಸ್ಯಾರೋಗ್ಯ ಪ್ರಮಾಣಪತ್ರಕ್ಕೆ ಇದೇ ಆಧಾರ. ಈ ಹಣ್ಣಿನಲ್ಲಿ ಆ ದೇಶವು ನಿಷೇಧಿಸಿದ ಕೀಟ, ರೋಗಗಳಿಲ್ಲವೆಂದು ಸರಕಾರದ ಅಧಿಕಾರಿಯೇ ಪರೀಕ್ಷಿಸಿ ಕೊಡುವ ಪತ್ರವಿದು. ಆಮದಿಗೂ ಇಂಥದೇ ಕಟ್ಟು ಇದೆ. ನಮ್ಮ ದೇಶದ 2003ರ ಆಜ್ಞೆಯಂತೆ ಹೊರದೇಶದಿಂದ ದ್ರಾಕ್ಷಿಯ ಕಡ್ಡಿ ತರಬೇಕಾದರೆ ಮುಂಚಿತವಾಗಿ ಪರವಾನಗಿ ಪಡೆಯಲೇಬೇಕು. ಒಳ್ಳೆಯ ತಳಿ ಎಂದು ಯಾರಾದರೂ ಚೀಲದಲ್ಲಿ ಅಡಗಿಸಿ ತಂದ ಕಡ್ಡಿಯನ್ನು ನೆಡಬಾರದು. ಒಬ್ಬನ ಆಸೆಗೆ ಇಡೀ ಸೀಮೆಯ ತೋಟಗಳು ಬೆಲೆ ತೆತ್ತಾವು.

ಎರಡನೆಯ ಕಟ್ಟಳೆ ಹಣ್ಣಿನಲ್ಲಿ ಉಳಿಯುವ ಔಷಧಿಯ ಅಂಶಕ್ಕೆ ಸಂಬಂಧಿಸಿದ್ದು. 2010ರ ಹಂಗಾಮಿನಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕವು ಮಿತಿ ಮೀರಿ ಕಂಡುಬಂದಿತು. ಇದು ಕೀಟನಾಶಕವಲ್ಲ. ಚಾಟಣಿಯ ನಂತರ ಚಿಗುರಿನ ಓಟವನ್ನು ತಡೆದು ಕಣ್ಣಿನಲ್ಲಿ ಗೊನೆ ಕಟ್ಟಲೆಂದು ಹೊಡೆಯುವ ಔಷಧಿ. ಎಲೆಗೆ ಹೊಡೆದದ್ದು ಬಳ್ಳಿಯ ಒಡಲನ್ನು ಸೇರಿ, ತಿಂಗಳುಗಳ ಮೇಲೆ ಹಣ್ಣಿನಲ್ಲಿ ತೋರಿತು. ಅಲ್ಲಿಯ ಮಿತಿ ಅಂದು ಕಿಲೋ ಹಣ್ಣಿಗೆ 0.05 ಮಿಲಿಗ್ರಾಂ. ಎಂದರೆ ಇನ್ನೂರು ಕ್ವಿಂಟಲ್ ದ್ರಾಕ್ಷಿಯಲ್ಲಿ ಎಲ್ಲಾ ಸೇರಿ ಒಂದೇ ಒಂದು ಗ್ರಾಂ! ನಮ್ಮಲ್ಲಿ ರಫ್ತಿಗೆ ಮುಂಚೆ ಪರೀಕ್ಷಿಸುವ ಔಷಧಿಗಳ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ. ಹಡಗಿನ ಮಾಲು ಅಲ್ಲಿಯೇ ತಡೆಯಲ್ಪಟ್ಟಿತು. ವ್ಯಾಪಾರಿಗಳಿಗೂ ರೈತರಿಗೂ ಭಾರೀ ನಷ್ಟವಾಯಿತು. ಆಮೇಲೆ ಆ ಹೆಸರು ಪಟ್ಟಿಗೆ ಸೇರಿತು.

ಇದರಿಂದ ಕಲಿಯಬೇಕಾದ ಪಾಠವೇನು? ನಮ್ಮ ಸೀಮೆಯಲ್ಲಿ ಎಲ್ಲರೂ ಹೊಡೆಯುತ್ತಾರೆ, ಅಂಗಡಿಯವನು ಕೊಟ್ಟಿದ್ದಾನೆ ಎಂಬ ಮಾತು ಪರದೇಶದ ಬಂದರಿನಲ್ಲಿ ನಡೆಯುವುದಿಲ್ಲ. ಮಿತಿಯನ್ನು ನಿಶ್ಚಯಿಸುವವರು ಕೊಳ್ಳುವ ದೇಶದವರು. ಪ್ರತ್ಯೇಕ ಮಿತಿ ಗೊತ್ತುಮಾಡದ ಔಷಧಿಗೆ ಯುರೋಪಿನಲ್ಲಿ ಸಾಮಾನ್ಯವಾಗಿ 0.01 ಮಿಲಿಗ್ರಾಂ ಮಿತಿ ಇದೆ. ಸಾವಿರ ಕ್ವಿಂಟಲಿಗೆ ಒಂದು ಗ್ರಾಂ ಎಂದಾಯಿತು. ಮಿತಿಗಳು ಬದಲಾಗುತ್ತಲೂ ಇರುತ್ತವೆ. ಆದುದರಿಂದ ಹೋದ ವರ್ಷದ ಪಟ್ಟಿಯನ್ನು ನಂಬಿ ಈ ವರ್ಷ ಔಷಧಿ ಹೊಡೆಯಬಾರದು.

ಇನ್ನು ರೈತನು ಮಾಡತಕ್ಕ ಕೆಲಸಗಳು. ಕೇಂದ್ರ ಸರಕಾರದ ಅಪೇಡಾ ಸಂಸ್ಥೆಯು 2006ರ ಹಂಗಾಮಿನಿಂದ ಗ್ರೇಪ್‌ನೆಟ್ ಎಂಬ ವ್ಯವಸ್ಥೆಯನ್ನು ನಡೆಸುತ್ತ ಬಂದಿದೆ. ಇದರಲ್ಲಿ ಪ್ರತಿಯೊಂದು ತೋಟಕ್ಕೂ ಒಂದು ನಂಬರು. ಯುರೋಪಿನ ಅಂಗಡಿಯಲ್ಲಿರುವ ಪೆಟ್ಟಿಗೆಯ ಮೇಲಿನ ಗುರುತು ಹಿಡಿದು ಹಿಂದಕ್ಕೆ ಬಂದರೆ ಜತ್ತ ತಾಲೂಕಿನ ಆ ತೋಟವೇ ಸಿಗುತ್ತದೆ.

ಒಂದು: ಹಂಗಾಮಿನ ಆರಂಭದಲ್ಲಿಯೇ ಸಾತಬಾರಾ ಉತಾರೆಯೊಂದಿಗೆ ಕೃಷಿ ಇಲಾಖೆಯಲ್ಲಿ ತೋಟವನ್ನು ನೋಂದಾಯಿಸಬೇಕು. ಹೋದ ವರ್ಷ ನೋಂದಾಯಿಸಿದ್ದೇನೆ ಎಂದು ಸುಮ್ಮನಿರಬಾರದು.

ಎರಡು: ಔಷಧಿಯ ವಹಿ ಇಡಬೇಕು. ಯಾವ ದಿನ, ಯಾವ ಔಷಧಿ, ಎಷ್ಟು ಪ್ರಮಾಣ, ಯಾವ ರೋಗಕ್ಕೆ ಎಂಬುದನ್ನು ಅಂದಂದೇ ಬರೆಯಬೇಕು. ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂಬುದು ಪ್ರತಿಯೊಂದು ಔಷಧಿಗೂ ಬೇರೆ ಬೇರೆ. ಅದನ್ನು ತಪ್ಪದೆ ಪಾಲಿಸಬೇಕು.

ಮೂರು: ಪರೀಕ್ಷೆಯ ಮಾದರಿಯನ್ನು ಪ್ರಯೋಗಶಾಲೆಯವರೇ ತೋಟಕ್ಕೆ ಬಂದು ತೆಗೆಯತಕ್ಕದ್ದು. ನಾವು ಆರಿಸಿದ ಗೊಂಚಲು ಕಳಿಸುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ. ವರದಿ ಬಂದ ಮೇಲೆಯೇ ಕೊಯ್ಲು. ವರದಿಯ ಪ್ರತಿಯೊಂದು ನಮ್ಮ ಮನೆಯಲ್ಲಿರಲಿ.

ನಾಲ್ಕು: ನಮ್ಮ ನಂಬರಿನಲ್ಲಿ ನೆರೆಯವನ ಹಣ್ಣನ್ನು ಬೆರೆಸಬಾರದು. ಪೆಟ್ಟಿಗೆ ತುಂಬಲಿಲ್ಲವೆಂದು ಅಣ್ಣತಮ್ಮಂದಿರ ತೋಟದ್ದನ್ನು ಸೇರಿಸುವ ರೂಢಿ ಕೆಲವೆಡೆ ಉಂಟು. ಅವರ ಹಣ್ಣಿನಲ್ಲಿ ದೋಷ ಕಂಡರೆ ಹೊಣೆ ನಮ್ಮ ನಂಬರಿನ ಮೇಲೆ ಬರುತ್ತದೆ.

ಉಳಿದದ್ದು ವ್ಯಾಪಾರಿಯ ಪಾಲು. ಅವನಿಗೆ ಆಮದು-ರಫ್ತಿನ ಸರಕಾರಿ ಸಂಖ್ಯೆ ಇರಬೇಕು. ಸುಂಕದ ಕಚೇರಿಗೆ ಸಲ್ಲಿಸುವ ಕಾಗದದಲ್ಲಿ ಮಾಲಿನ ಅಂತರರಾಷ್ಟ್ರೀಯ ಸಂಕೇತವನ್ನು ಸರಿಯಾಗಿ ಬರೆಯಬೇಕು. ಹಸಿ ದ್ರಾಕ್ಷಿಗೆ 080610, ಒಣದ್ರಾಕ್ಷಿಗೆ 080620. ಪೆಟ್ಟಿಗೆಗಳ ಕೆಳಗಿಡುವ ಕಟ್ಟಿಗೆಯ ಹಲಗೆಯನ್ನು ಸಹ 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಿಸಿ ಮುದ್ರೆ ಒತ್ತಿಸುವ ಪದ್ಧತಿ ಇದೆ. ಕಟ್ಟಿಗೆಯ ಹುಳುವೂ ಗಡಿ ದಾಟಬಾರದಷ್ಟೆ. ಸೌದಾ ಮಾಡುವ ಮುಂಚೆ ವ್ಯಾಪಾರಿಯ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುವುದು ರೈತನ ಹಕ್ಕೆಂದೇ ನಾವು ಹೇಳುತ್ತೇವೆ. ಮಾಲು ತಡೆಯಲ್ಪಟ್ಟರೆ ನಷ್ಟ ಯಾರದು ಎಂಬುದೂ ಕರಾರಿನಲ್ಲಿ ಇರಲಿ.

ಗಡಿಯಲ್ಲಿರುವ ನಮಗೆ ಇನ್ನೆರಡು ತೊಡಕುಗಳುಂಟು. ಕೆಲವರ ಜಮೀನು ಮಹಾರಾಷ್ಟ್ರದಲ್ಲಿಯೂ ಉಂಟು, ವಿಜಯಪುರ ಜಿಲ್ಲೆಯಲ್ಲಿಯೂ ಉಂಟು. ಮನೆ ಎಲ್ಲಿದ್ದರೂ ಸರಿ, ಹೊಲ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದಲ್ಲಿಯೇ ಅದರ ನೋಂದಣಿ. ಎರಡರ ಹಣ್ಣು ಬೇರೆ ಬೇರೆಯಾಗಿಯೇ ಇರಬೇಕು. ಎರಡನೆಯದು ಭಾಷೆ. ಅರ್ಜಿಗಳು ಮರಾಠಿಯಲ್ಲಿ, ಕರಾರುಗಳು ಇಂಗ್ಲಿಷಿನಲ್ಲಿ ಬರುತ್ತವೆ. ಓದಿದ ಮಗನಿಂದಲೋ ಮಗಳಿಂದಲೋ ಕನ್ನಡದಲ್ಲಿ ಹೇಳಿಸಿಕೊಂಡು, ಅರ್ಥವಾದ ಮೇಲೆಯೇ ಸಹಿ ಹಾಕಬೇಕು. ಔಷಧಿಯ ವಹಿಯನ್ನು ಕನ್ನಡದಲ್ಲಿ ಬರೆದುಕೊಂಡರೆ ಮರೆವಿಗೆ ಎಡೆಯಿಲ್ಲ. ಇಲಾಖೆಯ ವಹಿಗೆ ಅದರಿಂದಲೇ ಇಳಿಸಬಹುದು.

ದಾಳಿಂಬೆಯ ರಫ್ತಿಗೂ ಅನಾರ್‌ನೆಟ್ ಎಂಬ ಇಂಥದೇ ವ್ಯವಸ್ಥೆ ಇದೆ. ರಫ್ತಿಗೆ ಕೊಡದವರೂ ಈ ಶಿಸ್ತನ್ನು ಪಾಲಿಸಿದರೆ ಒಳ್ಳೆಯದೇ. ಹಣ್ಣು ಯುರೋಪಿಗೆ ಹೋಗದಿದ್ದರೆ ನಮ್ಮೂರ ಸಂತೆಗೆ ಹೋಗುತ್ತದೆ, ಅದನ್ನು ತಿನ್ನುವವರು ನಮ್ಮ ಮಕ್ಕಳು. ಈ ಚಾಟಣಿಯ ದಿನವೇ ಒಂದು ವಹಿಯನ್ನು ಕೊಂಡು ಮೊದಲನೆಯ ಸಾಲು ಬರೆಯಿರಿ.