ಎದ್ದು ನಡೆಯಲು ಎಷ್ಟು ಸೆಕೆಂಡು?

ಪ್ರಶ್ನೆ: ನಮ್ಮಜ್ಜಿ ಕುರ್ಚಿಯಿಂದ ಎದ್ದು ನಡೆದು ಬರುವುದನ್ನು ಡಾಕ್ಟರು ಗಡಿಯಾರ ಹಿಡಿದು ಅಳೆದರು. ಅದರಿಂದ ಏನು ತಿಳಿಯುತ್ತದೆ?
– ಓದುಗರೊಬ್ಬರು, ಜೀರಹಳ್ಳಿ, ತಾಳವಾಡಿ

ಉತ್ತರ: ಬಹಳಷ್ಟು ತಿಳಿಯುತ್ತದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಈ ಪರೀಕ್ಷೆ 1991ರಿಂದ ಬಳಕೆಯಲ್ಲಿದೆ. ತೊಡೆಯ ಬಲ, ಸಮತೋಲನ, ಕಣ್ಣು, ಮಿದುಳು ಎಲ್ಲವೂ ಕೂಡಿ ಕೆಲಸ ಮಾಡಿದರೆ ಮಾತ್ರ ನಡಿಗೆ ಸಲೀಸು. 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ವೈದ್ಯರು ಎಚ್ಚರವಾಗುತ್ತಾರೆ.

ನಡೆಯುವ ಬಲವನ್ನು ಉಳಿಸಿಕೊಳ್ಳಬಹುದೇ? ಅಮೆರಿಕದಲ್ಲಿ 70ರಿಂದ 89 ವಯಸ್ಸಿನ 1,635 ಮಂದಿಯ ಮೇಲೆ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ನಿಯಮಿತವಾಗಿ ನಡಿಗೆ, ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿದವರಲ್ಲಿ 400 ಮೀಟರ್ ನಡೆಯಲಾಗದ ಸ್ಥಿತಿಗೆ ಬರುವ ಸಂಭವ ಶೇ. 18ರಷ್ಟು ಕಡಿಮೆಯಿತ್ತು.

ಅಜ್ಜಿಯನ್ನು ‘ಸುಮ್ಮನೆ ಕೂತಿರಿ’ ಎನ್ನಬೇಡಿ. ವೈದ್ಯರನ್ನು ಕೇಳಿ, ಕೈ ಹಿಡಿದು ದಿನವೂ ನಡೆಸಿ.